ಮೈನಸ್ ಒಂದು ಹೇಗೆ ಕನಿಷ್ಠ?

ಎಕ್ಸ್ ಕ್ಯೂಬ್ ಪ್ಲಸ್ ವೈ ಕ್ಯೂಬ್ ಮೈನಸ್ ಮೂರು ಎಕ್ಸ್‌ವೈ. ಇದರ ಗರಿಷ್ಠ ಮತ್ತು ಕನಿಷ್ಠ ಬೆಲೆ ಕಂಡುಹಿಡಿಯಿರಿ. ಕರ್ನಾಟಕದಲ್ಲಿ ಇಂಜಿನಿಯರಿಂಗ್ ಮೊದಲ ವರ್ಷ ಓದಿದವರಲ್ಲಿ ಈ ಲೆಕ್ಕವನ್ನೋ ಇದರ ಒಡಹುಟ್ಟನ್ನೋ ಮಾಡದವರು ಸಿಗುವುದು ಕಷ್ಟ. ಎಕ್ಸ್‌ಗೊಂದು, ವೈಗೊಂದು ಪಾರ್ಷಿಯಲ್ ಡೆರಿವೇಟಿವ್ ತೆಗೆದು ಸೊನ್ನೆಗೆ ಸಮ ಮಾಡಬೇಕು. (0,0), (1,1) ಎಂಬ ಎರಡು ಬಿಂದುಗಳು ಸಿಗುತ್ತವೆ. ಆಮೇಲೆ ಎರಡನೆಯ ಡೆರಿವೇಟಿವ್‌ಗಳಿಂದ ಲೆಕ್ಕ ಹಾಕುವ, ಎಲ್ಲರಿಗೂ ಬಾಯಿಪಾಠವಾಗಿರುವ ‘ಆರ್‌ಟಿ ಮೈನಸ್ ಎಸ್ ಸ್ಕ್ವೇರ್’. ಮೊದಲ ಬಿಂದುವಿನಲ್ಲಿ ಅದು ಮೈನಸ್ 9, ಆದ್ದರಿಂದ ಸ್ಯಾಡಲ್ ಪಾಯಿಂಟ್. ಎರಡನೆಯದರಲ್ಲಿ 27, ಆರ್ ಕೂಡ ಧನ, ಆದ್ದರಿಂದ ಕನಿಷ್ಠ. ಬೆಲೆ ಮೈನಸ್ 1. ಉತ್ತರದ ಕೆಳಗೆ ಎರಡು ಗೆರೆ ಎಳೆದರೆ ಆರೋ ಏಳೋ ಅಂಕ.

ಬಸವನಗುಡಿಯಲ್ಲಿ ನಾನು ಪಾಠ ಮಾಡುವ ತರಗತಿಯಲ್ಲಿ ಒಮ್ಮೆ ಈ ಎರಡು ಗೆರೆ ಎಳೆದು ಡಸ್ಟರ್ ಎತ್ತಿಕೊಳ್ಳುವಷ್ಟರಲ್ಲಿ ಒಬ್ಬ ಹುಡುಗಿ ಎದ್ದು ನಿಂತಳು. “ಸರ್, ಎಕ್ಸ್‌ಗೆ ಮೈನಸ್ 10, ವೈಗೆ ಸೊನ್ನೆ ಹಾಕಿದ್ರೆ ಮೈನಸ್ 1000 ಬರತ್ತೆ. ಹಾಗಿದ್ರೆ ಮೈನಸ್ ಒಂದು ಹೇಗೆ ಕನಿಷ್ಠ?” ಹಿಂದಿನ ಬೆಂಚಿನಿಂದ ಯಾರೋ ಮೆಲ್ಲಗೆ, “ಪರೀಕ್ಷೇಲಿ ಅದನ್ನ ಕೇಳಲ್ಲ ಕಣೇ” ಅಂದ. ಅವನು ಹೇಳಿದ್ದು ಸುಳ್ಳಲ್ಲ. ಹಾಗೆ ಹೇಳುವುದು ಸುಳ್ಳಲ್ಲದಂತೆ ಮಾಡಿರುವ ನಿಯಮಗಳನ್ನು ಆ ಹುಡುಗಿಯ ಪ್ರಶ್ನೆಯ ಪಕ್ಕದಲ್ಲಿಟ್ಟು ಪರಿಶೀಲಿಸುವುದು ಈ ಬರಹದ ಕೆಲಸ.

1998ರಲ್ಲಿ ಬೆಳಗಾವಿಯಲ್ಲಿ ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ, ಅಂದರೆ ವಿಟಿಯುವಿನ, 2022ರ ಸ್ಕೀಮ್ ನನ್ನ ಮುಂದಿದೆ. ಬುಲ್ ಟೆಂಪಲ್ ರಸ್ತೆಯಲ್ಲಿ 1946ರಲ್ಲಿ ಬಿ.ಎಂ. ಶ್ರೀನಿವಾಸಯ್ಯನವರು ಆರಂಭಿಸಿದ ಕಾಲೇಜಿನಂಥ ಸ್ವಾಯತ್ತ ಸಂಸ್ಥೆಗಳು ತಮ್ಮ ಪ್ರಶ್ನೆಪತ್ರಿಕೆಯನ್ನು ತಾವೇ ತೆಗೆಯುತ್ತವೆ. ಸ್ವಾಯತ್ತತೆ ಇಲ್ಲದ ಕಾಲೇಜುಗಳಿಗೆ, ಬೀದರಿನಿಂದ ಚಾಮರಾಜನಗರದವರೆಗೆ, ಒಂದೇ ಪತ್ರಿಕೆ. ಪಾಠ ಮಾಡಿದವರು ಪ್ರಶ್ನೆ ಕೇಳುವುದಿಲ್ಲ. ಪ್ರಶ್ನೆ ತೆಗೆದವರಿಗೆ ತರಗತಿಯ ಮುಖ ಗೊತ್ತಿರುವುದಿಲ್ಲ. ಹಾಗಾಗಿ ಬೋಧಕ ಮತ್ತು ವಿದ್ಯಾರ್ಥಿಯ ನಡುವೆ ಒಪ್ಪಂದ ಎಂಬುದೇನಾದರೂ ಇದ್ದರೆ ಅದು ಈ ನಿಯಮಾವಳಿಯೇ. ಸೆಮಿಸ್ಟರಿನ ಮೊದಲ ದಿನ ನಾವು ಹಂಚುವ ಕೋರ್ಸ್ ಪ್ಲಾನಿನ ಹಾಳೆ ಅದರದೇ ಸಂಕ್ಷೇಪ.

ಆ ಸ್ಕೀಮಿನ ನಿಯಮ ಹೀಗಿದೆ. ಇಂಟರ್ನಲ್ಸ್‌ಗೆ 50, ಸೆಮಿಸ್ಟರ್ ಪರೀಕ್ಷೆಗೆ 50. ಇಂಟರ್ನಲ್ಸ್‌ನಲ್ಲಿ 20 ಬರಬೇಕು, ಪರೀಕ್ಷೆಯಲ್ಲಿ 18, ಎರಡೂ ಕೂಡಿ 40. ಪರೀಕ್ಷೆಯ ಪತ್ರಿಕೆ ಮಾತ್ರ ನೂರು ಅಂಕದ್ದು, ಬಂದದ್ದನ್ನು ಅರ್ಧಕ್ಕೆ ಇಳಿಸುತ್ತಾರೆ. ಐದು ಮಾಡ್ಯೂಲ್, ಒಂದೊಂದರಲ್ಲಿ 20 ಅಂಕದ ಎರಡು ಪ್ರಶ್ನೆ. ಪ್ರತಿ ಮಾಡ್ಯೂಲಿನಿಂದ ಒಂದನ್ನು ಆರಿಸಿ ಬರೆದರೆ ಸಾಕು.

‘ಸಾಕು’ ಎಂಬ ಆ ಮಾತಿನ ಲೆಕ್ಕವನ್ನು ಸ್ವಲ್ಪ ಮಾಡಿ ನೋಡೋಣ. ವಿದ್ಯಾರ್ಥಿಗಳು ಎಂ ಟೂ ಎಂದು ಕರೆಯುವ ಎರಡನೆಯ ಸೆಮಿಸ್ಟರಿನ ಗಣಿತದಲ್ಲಿ, ಹೆಚ್ಚಿನ ಶಾಖೆಗಳಿಗೆ, ಮೊದಲ ಮಾಡ್ಯೂಲ್ ಡಬಲ್ ಮತ್ತು ಟ್ರಿಪಲ್ ಇಂಟಿಗ್ರಲ್‌ಗಳದು, ಎರಡನೆಯದು ವೆಕ್ಟರ್ ಕ್ಯಾಲ್ಕುಲಸ್. ಬಹುಚರ ಕ್ಯಾಲ್ಕುಲಸ್ಸಿನ ಜೀವ ಇರುವುದು ಈ ಎರಡರಲ್ಲೇ. ಇವೆರಡನ್ನೂ ಮುಟ್ಟದೆ ಬಿಟ್ಟ ವಿದ್ಯಾರ್ಥಿಗೆ ಇನ್ನೂ 60 ಅಂಕದ ಪ್ರಶ್ನೆಗಳು ಉಳಿದಿರುತ್ತವೆ, ಅದರಲ್ಲಿ 40 ನ್ಯೂಮರಿಕಲ್ ಮೆಥಡ್ಸ್‌ನವು. ಸೂತ್ರ ಇಟ್ಟು, ಕ್ಯಾಲ್ಕುಲೇಟರ್ ಒತ್ತಿ, ಕೋಷ್ಟಕ ತುಂಬಿದರೆ ಅವು ಮುಗಿಯುತ್ತವೆ. 60ಕ್ಕೆ 36 ಬಂದರೆ ಪರೀಕ್ಷೆ ದಾಟಿದ ಹಾಗೆ. ಎಂ ಒನ್‌ನಲ್ಲಿ ಇದು ಇನ್ನೂ ಸುಲಭ, ಏಕೆಂದರೆ ಅಲ್ಲಿ ಪಾರ್ಷಿಯಲ್ ಡೆರಿವೇಟಿವ್, ಜಾಕೋಬಿಯನ್, ಗರಿಷ್ಠ–ಕನಿಷ್ಠ ಎಲ್ಲವೂ ಸೀರೀಸ್‌ಗಳ ಜೊತೆ ಒಂದೇ ಮಾಡ್ಯೂಲಿನಲ್ಲಿ ಒತ್ತಿಕೊಂಡು ಕೂತಿವೆ. ಅಂದರೆ ಎರಡು ಸೆಮಿಸ್ಟರ್ ದಾಟಿದ ಒಬ್ಬ ಇಂಜಿನಿಯರ್ ಒಂದು ಮೇಲ್ಮೈಯನ್ನು ಒಮ್ಮೆಯೂ ಕಣ್ಣೆತ್ತಿ ನೋಡದೆ ಇರಲು ಸಾಧ್ಯ. ಅವನು ನಿಯಮ ಮುರಿದಿಲ್ಲ, ನಕಲು ಮಾಡಿಲ್ಲ. ನಿಯಮ ಏನು ಕೇಳಿತೋ ಅಷ್ಟನ್ನು ಕೊಟ್ಟಿದ್ದಾನೆ.

ಈ ಆಯ್ಕೆಯ ಪದ್ಧತಿಯ ಹಿಂದೆ ಕರುಣೆ ಇದೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಎಂ ಒನ್ ಬ್ಯಾಕ್ ಉಳಿಸಿಕೊಂಡು ಮೂರನೆಯ ವರ್ಷದವರೆಗೂ ಅದನ್ನು ಹೊತ್ತು ತಿರುಗಿದ ಮಕ್ಕಳನ್ನು ಕಂಡಿದ್ದೇನೆ. ಅವರ ಮನೆಯವರು ಬಂದು ಕೈಮುಗಿದು ನಿಂತದ್ದನ್ನೂ ಕಂಡಿದ್ದೇನೆ. ಆದರೆ ಕರುಣೆ ತೋರಿಸಲು ಬೇರೆ ದಾರಿಗಳಿದ್ದವು. ಉತ್ತೀರ್ಣತೆಯ ಅಂಕ ಕಡಿಮೆ ಇರಲಿ, ಮರುಪರೀಕ್ಷೆ ಬೇಗ ನಡೆಯಲಿ, ಪ್ರತಿ ಮಾಡ್ಯೂಲಿನಲ್ಲೂ ಒಂದು ಸುಲಭ ಪ್ರಶ್ನೆ ಕಡ್ಡಾಯವಾಗಿರಲಿ. ಒಂದು ವಿಷಯದ ಮೇಲೆ ಇನ್ನೊಂದು ನಿಲ್ಲುವ ಕಟ್ಟಡವೇ ಗಣಿತ. ಅದನ್ನು ಐದು ಒಂಟಿ ಕೋಣೆಗಳಾಗಿ ಒಡೆದು ಯಾವುದಕ್ಕೆ ಬೇಕಾದರೂ ಬೀಗ ಹಾಕಿಕೊಳ್ಳಿ ಎಂದದ್ದು ಈ ನಿಯಮಾವಳಿಯ ಎಲ್ಲಕ್ಕಿಂತ ದೊಡ್ಡ ತಪ್ಪು.

ಇದೇ ಸ್ಕೀಮಿನ ಎಲ್ಲಕ್ಕಿಂತ ಒಳ್ಳೆಯ ನಿರ್ಧಾರ ಪ್ರಶ್ನೆಪತ್ರಿಕೆಯ ತಲೆಯ ಮೇಲೆಯೇ ಅಚ್ಚಾಗಿದೆ: ವಿಟಿಯುವಿನ ಸೂತ್ರಗಳ ಕೈಪಿಡಿಯನ್ನು ಪರೀಕ್ಷೆಗೆ ಒಯ್ಯಬಹುದು. ಇದನ್ನು ಓದಿದಾಗ ನನಗೆ ನಿಜಕ್ಕೂ ಸಂತೋಷವಾಯಿತು. ಸೂತ್ರ ಕೈಯಲ್ಲೇ ಇದ್ದರೆ ಸೂತ್ರ ಬರುತ್ತದೆಯೇ ಎಂದು ಕೇಳುವುದಕ್ಕೆ ಅರ್ಥವಿಲ್ಲ. ಹಾಗಾದರೆ ಅದು ಯಾಕೆ, ಯಾವಾಗ, ಎಲ್ಲಿಯವರೆಗೆ ಎಂದು ಕೇಳಲೇಬೇಕಾಗುತ್ತದೆ. ಕೈಪಿಡಿ ಬಂತು, ಪ್ರಶ್ನೆಗಳು ಮಾತ್ರ ಕೈಪಿಡಿ ಇಲ್ಲದ ಕಾಲದವೇ ಉಳಿದವು. ಪ್ರತಿ ಪ್ರಶ್ನೆಯ ಬಲಕ್ಕೆ ಅಂಕ, ಬ್ಲೂಮ್ ಹಂತ, ಕೋರ್ಸ್ ಔಟ್‌ಕಮ್ ಎಂದು ಮೂರು ಕಲಂಗಳಿವೆ. ನಾನು ನೋಡಿದ ಪತ್ರಿಕೆಗಳ ಗಣಿತದ ಪ್ರಶ್ನೆಗಳು ಹೆಚ್ಚಾಗಿ ಎರಡು, ಮೂರನೆಯ ಹಂತದಲ್ಲೇ ನಿಲ್ಲುತ್ತವೆ: ಅರ್ಥಮಾಡಿಕೊ, ಅನ್ವಯಿಸು. ವಿಶ್ಲೇಷಿಸು, ಬೆಲೆಕಟ್ಟು ಎಂಬ ಹಂತಗಳ ಹೆಸರು ಪಟ್ಟಿಯಲ್ಲಿದೆ. ಪ್ರಶ್ನೆಗಳಲ್ಲಿ ಅವು ಅಪರೂಪ.

ಪ್ರಯೋಗಾಲಯದ ಕಥೆಯೂ ಹೀಗೇ ಆಗಿದೆ. ಗಣಿತಕ್ಕೆ ಲ್ಯಾಬ್ ಸೇರಿಸಿ, ಪೈಥಾನಿನಲ್ಲಿ ಮೇಲ್ಮೈಯನ್ನು ತೆರೆಯ ಮೇಲೆ ತಿರುಗಿಸಿ ನೋಡುವ ಅವಕಾಶ ಕೊಟ್ಟದ್ದು ದೊಡ್ಡ ಹೆಜ್ಜೆ. ನಾವು ಓದುವಾಗ ಸ್ಯಾಡಲ್ ಪಾಯಿಂಟ್ ಎಂದರೆ ಪುಸ್ತಕದ ಮಸುಕು ಚಿತ್ರ ಅಷ್ಟೆ. ಈಗ ಕುದುರೆಯ ಜೀನಿನ ಹಾಗೆ ಒಂದು ಕಡೆಗೆ ಏರುವ, ಇನ್ನೊಂದು ಕಡೆಗೆ ಇಳಿಯುವ ಆ ಆಕಾರವನ್ನು ಬೆರಳ ತುದಿಯಲ್ಲಿ ಹೊರಳಿಸಬಹುದು. ಆದರೆ ಪರೀಕ್ಷೆಗೆ ಬಂದಾಗ ಅದೇ ಸಂಗತಿ, ಆಧುನಿಕ ಗಣಿತ ಸಾಧನ ಬಳಸಿ ಕೋಡ್ ಬರೆಯಿರಿ ಎಂಬ ಆರು ಅಂಕದ ಪ್ರಶ್ನೆಯಾಗುತ್ತದೆ. ಕಂಪ್ಯೂಟರ್ ಇಲ್ಲದ ಕೋಣೆಯಲ್ಲಿ ಪೆನ್ನು ಹಿಡಿದು, ಕಂಠಪಾಠ ಮಾಡಿದ ಪೈಥಾನ್ ಸಾಲುಗಳನ್ನು ಕಾಗದದ ಮೇಲೆ ಬರೆಯುವುದು. ಕಣ್ಣಿಗೆ ಕಾಣಲೆಂದು ತಂದ ಸಾಧನವನ್ನೇ ನೆನಪಿನ ಹೊರೆ ಮಾಡಿದ್ದೇವೆ. ಇದು ನನಗೆ ನೋವಿನ ವಿಷಯ.

ಹಾಜರಾತಿಯ ಬಗ್ಗೆ ನನ್ನ ಮನಸ್ಸು ಇನ್ನೂ ಗಟ್ಟಿಯಾಗಿಲ್ಲ. ನಿಯಮ ಕೇಳುವುದು 85 ಪ್ರತಿಶತ, ತಕ್ಕ ಕಾರಣವಿದ್ದರೆ 75ರವರೆಗೆ ಮಾಫಿ. ಅದಕ್ಕಿಂತ ಕೆಳಗೆ ಹೋದರೆ ‘ಶಾರ್ಟೇಜ್’, ಪರೀಕ್ಷೆಗೆ ಕೂರುವಂತಿಲ್ಲ. ಗಣಿತವನ್ನು ತರಗತಿಯಲ್ಲಿ, ಇನ್ನೊಬ್ಬರು ತಡವರಿಸುವುದನ್ನು ನೋಡುತ್ತ ಕಲಿಯಬೇಕು ಎಂದು ನಂಬಿದವನು ನಾನು. ಆದರೂ ಮಾಗಡಿಯಿಂದ, ಕನಕಪುರದಿಂದ ಎರಡು ಬಸ್ಸು ಹಿಡಿದು ಬರುವ ಹುಡುಗ ಮೊದಲ ಗಂಟೆಗೆ ಹತ್ತು ನಿಮಿಷ ತಡವಾದರೆ ಆ ದಿನದ ಹಾಜರಿ ಕಳೆದುಕೊಳ್ಳುತ್ತಾನೆ. ನ್ಯಾಷನಲ್ ಕಾಲೇಜ್ ಸ್ಟೇಷನ್ನಿನಲ್ಲಿ ಮೆಟ್ರೋ ಇಳಿದು ಬರುವವನಿಗೆ ಆ ಭಯ ಕಡಿಮೆ.

ನಮ್ಮ ಬಡಾವಣೆಯಲ್ಲೇ ಹಾಜರಿ ಪುಸ್ತಕವಿಲ್ಲದ ಒಂದು ತರಗತಿ ದಶಕಗಳ ಕಾಲ ನಡೆದಿದೆ. ಡಾ. ಎಚ್. ನರಸಿಂಹಯ್ಯನವರು 1962ರಲ್ಲಿ ಬೆಂಗಳೂರು ವಿಜ್ಞಾನ ವೇದಿಕೆ ಕಟ್ಟಿ, ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಪ್ರತಿ ಬುಧವಾರ ಸಂಜೆ ಉಪನ್ಯಾಸ ಏರ್ಪಡಿಸಿದರು. ಓಹಾಯೋದಲ್ಲಿ ನ್ಯೂಕ್ಲಿಯರ್ ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು ಬಂದು, 1972ರಿಂದ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದವರು, ಕಾಲೇಜಿನ ಹಾಸ್ಟೆಲ್ಲಿನ ಕೋಣೆಯಲ್ಲೇ ಬಾಳಿದವರು. ಆ ಬುಧವಾರಗಳಿಗೆ ಅಂಕವಿಲ್ಲ, ಶಾರ್ಟೇಜ್ ಇಲ್ಲ. ಉಪನ್ಯಾಸದ ಕೊನೆಗೆ ಪ್ರಶ್ನೆಗಳಿಗೆ ಸಮಯ ಇರುತ್ತಿತ್ತು, ಕೇಳುವವರು ಕೈಯೆತ್ತುತ್ತಿದ್ದರು. ಪರೀಕ್ಷೆ ನಡೆಸಬೇಕಾದ ಕೋರ್ಸಿಗೆ ಆ ಸಂಜೆಗಳನ್ನು ಮಾದರಿ ಮಾಡಲಾಗುವುದಿಲ್ಲ ಎಂದು ನನಗೆ ಗೊತ್ತು. ಆದರೆ ಕೇಳಿದ ಪ್ರಶ್ನೆಗೂ ಜಾಗವಿರುವ ಕೋರ್ಸ್ ಪ್ಲಾನ್ ಬರೆಯಬಹುದು.

ಅಸೈನ್‌ಮೆಂಟ್ ಎಂಬುದು ಇಂಟರ್ನಲ್ಸ್‌ನ ಬಡ ಮೂಲೆ. ಒಬ್ಬ ಬರೆಯುತ್ತಾನೆ, ವಾಟ್ಸಾಪಿನಲ್ಲಿ ಫೋಟೋ ಬರುತ್ತದೆ, ಅರವತ್ತು ಜನ ಅದೇ ತಪ್ಪನ್ನು ಅದೇ ಸಾಲಿನಲ್ಲಿ ಮಾಡುತ್ತಾರೆ. ನನ್ನ ವಿದ್ಯಾರ್ಥಿಗಳಲ್ಲಿ ಹಲವರು ಎಂಐಟಿಯ 18.02 ಎಂಬ ಕೋರ್ಸನ್ನು, ಡೆನಿಸ್ ಔರೂ ಅವರ 2007ರ ಉಪನ್ಯಾಸಗಳನ್ನು, ಉಚಿತವಾಗಿ ಮೊಬೈಲಿನಲ್ಲಿ ನೋಡುತ್ತಾರೆ. ಅಂಥ ಕೋರ್ಸುಗಳಲ್ಲಿ ಮನೆಲೆಕ್ಕಕ್ಕೆ ಗೌರವದ ಪಾಲಿದೆ: ಗೆಳೆಯರ ಜೊತೆ ಎಷ್ಟು ಬೇಕಾದರೂ ಚರ್ಚಿಸು, ಬರೆಯುವಾಗ ಮಾತ್ರ ಒಬ್ಬನೇ ಕೂತು ಬರೆ. ನಾನು ಇದನ್ನು ಬೇರೆ ರೀತಿಯಲ್ಲಿ ತಂದಿದ್ದೇನೆ. ಅಸೈನ್‌ಮೆಂಟ್ ಕೊಡಲು ಬಂದವರ ಪುಟ ತೆರೆದು ಒಂದು ಸಾಲಿನ ಮೇಲೆ ಬೆರಳಿಟ್ಟು, “ಇದು ಯಾಕೆ ಬಂತಮ್ಮಾ?” ಎನ್ನುತ್ತೇನೆ. ಎರಡು ನಿಮಿಷ. ಬೇರೆಯವರದನ್ನು ನೋಡಿ ಬರೆದವನೂ ಆ ಸಾಲನ್ನು ವಿವರಿಸಿದರೆ ಪೂರ್ತಿ ಅಂಕ, ಏಕೆಂದರೆ ಆ ಹೊತ್ತಿಗೆ ಅವನು ಕಲಿತಿರುತ್ತಾನೆ. ಇದಕ್ಕೆ ಸಮಯ ಬಹಳ ಹಿಡಿಯುತ್ತದೆ, ನಿಜ.

ಈ ವಿಷಯದಿಂದ ಏನನ್ನು ನಿರೀಕ್ಷಿಸಬೇಕು ಎಂದು ತಿಳಿಯಲು ಗಾಂಧಿ ಬಜಾರಿನಿಂದ ಕಹಳೆ ಬಂಡೆಯವರೆಗೆ ನಡೆದರೂ ಸಾಕು. ಬಸವನಗುಡಿ ನಿಂತಿರುವುದು ಬೆಂಗಳೂರಿನ ಏಣಿನ ಮೇಲೆ. ದಿಣ್ಣೆಯ ಪಶ್ಚಿಮಕ್ಕೆ ಬಿದ್ದ ಮಳೆ ವೃಷಭಾವತಿಗೆ ಸೇರುತ್ತದೆ. ಆ ಹೊಳೆ ಇಲ್ಲಿನ ಗುಡಿಯ ದೊಡ್ಡ ಬಸವನ ಪಾದದಲ್ಲೇ ಹುಟ್ಟುತ್ತದೆಂಬುದು ಹಳೆಯ ನಂಬಿಕೆ. ಅಲ್ಲಿಂದ ಅರ್ಕಾವತಿ, ಆಮೇಲೆ ಕಾವೇರಿ. ಪೂರ್ವಕ್ಕೆ, ಲಾಲ್‌ಬಾಗಿನ ಕಡೆಗೆ ಬಿದ್ದದ್ದು ಕೋರಮಂಗಲ ಕಣಿವೆಯಿಂದ ಬೆಳ್ಳಂದೂರು, ವರ್ತೂರು ಕೆರೆಗಳನ್ನು ಹಾದು ದಕ್ಷಿಣ ಪಿನಾಕಿನಿಗೆ. ಹನಿಗೆ ದಾರಿ ತೋರಿಸುವುದು ಗ್ರೇಡಿಯಂಟ್: ಏರು ಎತ್ತ ಕಡಿದಾಗಿದೆಯೋ ಅದರ ನೇರ ವಿರುದ್ಧಕ್ಕೆ ಅದು ಇಳಿಯುತ್ತದೆ. ಏಣಿನ ಉದ್ದಕ್ಕೆ ನಡೆಯುವಾಗ ಎರಡು ದಿಬ್ಬಗಳ ನಡುವೆ ಸಿಗುವ ತಗ್ಗೇ ಸ್ಯಾಡಲ್ ಪಾಯಿಂಟ್. ಅಲ್ಲಿ ನಿಂತವರಿಗೆ ಮುಂದೆ, ಹಿಂದೆ ಏರು. ಎಡಕ್ಕೆ, ಬಲಕ್ಕೆ ಇಳಿಜಾರು. ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯ ಪರಿಷೆಯಲ್ಲಿ ಸುರಿದ ಕಡಲೆಕಾಯಿ ರಾಶಿಯ ಮೈಮೇಲೆ ಒಂದು ಕಾಯಿ ಉರುಳಿ ಬಿದ್ದರೂ ಇದೇ ಪಾಠ. ಇದನ್ನು ಕಂಡ ಮಗುವಿಗೆ ‘ಆರ್‌ಟಿ ಮೈನಸ್ ಎಸ್ ಸ್ಕ್ವೇರ್’ ಏನನ್ನು ಅಳೆಯುತ್ತಿದೆ ಎಂದು ಹೇಳಿಕೊಡುವುದು ಸುಲಭ. ನಿಯಮಾವಳಿ ಮಾತ್ರ ಆ ಮಗುವಿನಿಂದ ಇದನ್ನು ಎಲ್ಲಿಯೂ ಕೇಳುವುದಿಲ್ಲ.

ಹಾಗಾದರೆ ಕಾರಣ ಬರೆಯಿರಿ ಎಂಬ ಪ್ರಶ್ನೆಗಳನ್ನು ಹೆಚ್ಚಿಸೋಣ ಎನ್ನುವಾಗ ಒಂದು ಎಚ್ಚರವೂ ಬೇಕು. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ಲೆಕ್ಕದ ಹಂತಗಳನ್ನು ಸರಾಗವಾಗಿ ಬರೆಯುತ್ತಾರೆ, ಏಕೆಂದರೆ ಚಿಹ್ನೆಗಳಿಗೆ ಭಾಷೆ ಬೇಡ. ಎರಡು ವಾಕ್ಯದ ಕಾರಣವನ್ನು ಇಂಗ್ಲಿಷಿನಲ್ಲಿ ಬರೆಯಿರಿ ಎಂದರೆ ಪೆನ್ನು ನಿಲ್ಲುತ್ತದೆ. ತಲೆಯಲ್ಲಿ ಉತ್ತರವಿದ್ದೂ ಖಾಲಿ ಬಿಟ್ಟ ಜಾಗವನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಆದ್ದರಿಂದ ಕಾರಣವನ್ನು ಕನ್ನಡದಲ್ಲಿ ಬರೆಯಲು ಮುಕ್ತ ಅನುಮತಿ ಇರಬೇಕು. ಇಲ್ಲವಾದರೆ ಒಳ್ಳೆಯ ಪ್ರಶ್ನೆಯೇ ಇನ್ನೊಂದು ಅನ್ಯಾಯಕ್ಕೆ ದಾರಿಯಾಗುತ್ತದೆ.

ಎದ್ದು ನಿಂತ ಆ ಹುಡುಗಿಗೆ ನಾನು ಅಂದು ಹೇಳಿದ್ದು ಇಷ್ಟು: ಮೈನಸ್ ಒಂದು ತನ್ನ ಆಸುಪಾಸಿನಲ್ಲಿ ಮಾತ್ರ ಕನಿಷ್ಠ, ದೂರ ಹೋದರೆ ನೆಲ ತಳವಿಲ್ಲದೆ ಕುಸಿಯುತ್ತದೆ, ನಮ್ಮ ಪರೀಕ್ಷೆಯ ಸೂತ್ರಕ್ಕೆ ಆ ದೂರ ಕಾಣುವುದಿಲ್ಲ. ಆಮೇಲಿನ ಇಂಟರ್ನಲ್ ಟೆಸ್ಟಿನಲ್ಲಿ ಕೊನೆಯ ಪ್ರಶ್ನೆಯಾಗಿ ಎಕ್ಸ್‌ನ ನಾಲ್ಕನೆಯ ಘಾತ, ವೈನ ನಾಲ್ಕನೆಯ ಘಾತ, ಎರಡರ ಮೊತ್ತ ಕೊಟ್ಟೆ. ಸೊನ್ನೆ ಬಿಂದುವಿನಲ್ಲಿ ‘ಆರ್‌ಟಿ ಮೈನಸ್ ಎಸ್ ಸ್ಕ್ವೇರ್’ ಸೊನ್ನೆಯಾಗಿ ಸೂತ್ರ ಬಾಯಿ ಮುಚ್ಚುತ್ತದೆ, ಕೈಪಿಡಿಯಲ್ಲಿ ಹುಡುಕಿದರೂ ಪ್ರಯೋಜನವಿಲ್ಲ. ಹಲವರು ‘ಟೆಸ್ಟ್ ಫೇಲ್ಸ್’ ಎಂದು ಬರೆದು ನಿಲ್ಲಿಸಿದ್ದರು. ಹಿಂದಿನ ಬೆಂಚಿನ ಆ ಹುಡುಗನ ಹಾಳೆಯಲ್ಲಿ ಲೆಕ್ಕವೇ ಇರಲಿಲ್ಲ, ಕನ್ನಡದಲ್ಲಿ ಒಂದು ಸಾಲಿತ್ತು: ಎರಡೂ ಪದ ಯಾವತ್ತೂ ಸೊನ್ನೆಗಿಂತ ಕೆಳಗೆ ಹೋಗಲ್ಲ, ಅದಕ್ಕೇ ತಳ ಇಲ್ಲೇ. ನಾಲ್ಕು ಅಂಕದ ಪ್ರಶ್ನೆ. ನಾಲ್ಕೂ ಕೊಟ್ಟೆ. ಸೆಮಿಸ್ಟರ್ ಪರೀಕ್ಷೆಯಲ್ಲಿ ಅಂಥ ಪ್ರಶ್ನೆ ಬರಲಿಲ್ಲ.