ಹೊಯ್ಸಳ ಶಿಲ್ಪದ ಮುಂದೆ ನಿಂತಾಗ

ಬೇಲೂರಿಗೆ ಹೋದವರ ಕಿವಿಗೆ ಮೊದಲು ಬೀಳುವುದು ಮದನಿಕೆಯರ ಲೆಕ್ಕ: ಹೊರಗೆ 38, ಒಳಗೆ 4. ಆಮೇಲೆ ಬಳೆ, ಜಡೆ, ಹಣೆಬಟ್ಟು. ಅವನ್ನು ನೋಡಬೇಡಿ ಎಂದು ನಾನೇನೂ ಹೇಳುವುದಿಲ್ಲ. ಆದರೆ ಶಿಲ್ಪ ನೋಡುವುದಕ್ಕೆ ಹೊಸಬರಾಗಿದ್ದರೆ ಒಡವೆಯನ್ನು ಬದಿಗಿಟ್ಟು ಕಲ್ಲಿನಿಂದಲೇ ಶುರುಮಾಡಿ.

ಬೇಲೂರು, ಹಳೇಬೀಡು, ಸೋಮನಾಥಪುರ ಮೂರರ ಗುಡಿಗಳೂ ಬಳಪದ ಕಲ್ಲಿನವು. ನೆಲದಿಂದ ತೆಗೆದಾಗ ಈ ಕಲ್ಲು ಮೆದು. ಗಾಳಿ ಬಿಸಿಲಿಗೆ ಮೈಯೊಡ್ಡಿದಂತೆ ಗಟ್ಟಿಯಾಗುತ್ತದೆ. ಮೆದುವಾಗಿರುವಾಗ ಉಳಿಯ ಮಾತನ್ನು ಮೀರುವುದಿಲ್ಲ. ಹಾರದ ಹಿಂದಿನ ಕಲ್ಲನ್ನೂ ಕೊರೆದು ತೆಗೆದು, ಹಾರವನ್ನು ಎದೆಯಿಂದ ಬಿಡಿಸಬಹುದು. ಕಂಬಗಳನ್ನು ತಿರುಗಿಸಿ ಕಡೆದು ನುಣುಪು ಮಾಡಬಹುದು. ಶ್ರವಣಬೆಳಗೊಳದ ಗೊಮ್ಮಟ ಗ್ರಾನೈಟಿನವನು, ಅಲ್ಲಿ ಈ ಆಟ ನಡೆಯದು. ಅದಕ್ಕೇ ಅಲ್ಲಿ ಭುಜದಿಂದ ತೋಳಿಗೆ ಇಳಿಯುವ ಬರಿಯ ಮೈಯೇ ಎಲ್ಲ ಕೆಲಸ ಮಾಡಬೇಕು. ನನ್ನನ್ನು ಕೇಳಿದರೆ ಅದೇ ಹೆಚ್ಚು ಕಷ್ಟದ ಕೆಲಸ: ತಪ್ಪು ಮುಚ್ಚಲು ಒಂದು ಬಳ್ಳಿಯೂ ಇಲ್ಲ.

ಇನ್ನು ಆಳ. ಗೋಡೆಗೆ ಅಂಟಿಕೊಂಡು ಮುಂದಕ್ಕೆ ಉಬ್ಬಿದ್ದು ಉಬ್ಬುಶಿಲ್ಪ. ಸುತ್ತಲೂ ಬಿಡಿಸಿ ನಿಂತದ್ದು ದುಂಡುಶಿಲ್ಪ. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯಲ್ಲಿ ತೀರ ಕೆಳಗಿನ ಪಟ್ಟಿಕೆಯ ಆನೆಗಳು ಗೋಡೆಯನ್ನು ಬಿಟ್ಟು ಹೆಚ್ಚು ಹೊರಬರುವುದಿಲ್ಲ. ಮೇಲಿನ ದೇವತೆಗಳು ಬಹಳಷ್ಟು ಹೊರಬಂದಿದ್ದಾರೆ. ಅಲ್ಲಿನ ಗಜಾಸುರಸಂಹಾರದ ಮುಂದೆ ತುಸು ಹೊತ್ತು ನಿಲ್ಲಿ. ಶಿವನ ಕಾಲಡಿ ಆನೆಯ ತಲೆ, ಸುತ್ತ ಕಮಾನಾಗಿ ಹರಡಿದ ಅದರ ಚರ್ಮ. ಕೈಗಳನ್ನು ಎಣಿಸಬೇಡಿ. ಮೈಗೂ ಚರ್ಮಕ್ಕೂ ನಡುವಿನ ಕತ್ತಲನ್ನು ನೋಡಿ. ಕುಣಿತದ ಗೆರೆ ಎದ್ದು ಕಾಣುವುದು ಆ ಕತ್ತಲಿನಿಂದ. ನೆತ್ತಿಯ ಬಿಸಿಲಿಗಿಂತ ಓರೆ ಬಿಸಿಲಿನಲ್ಲಿ ಇದು ಚೆನ್ನಾಗಿ ಕಾಣುತ್ತದೆ.

ನಿಲುವಿಗೆ ಶಿಲ್ಪಿಗಳ ಮಾತು ‘ಭಂಗ’. ಮೂರ್ತಿಯ ನೆತ್ತಿಯಿಂದ ನೇರ ಕೆಳಕ್ಕೊಂದು ದಾರ ಇಳಿಬಿಟ್ಟಿದೆ ಎಂದುಕೊಳ್ಳಿ. ಮೈ ಆ ದಾರದ ಎರಡೂ ಕಡೆ ಸಮನಾಗಿದ್ದರೆ ಸಮಭಂಗ. ತಲೆ, ನಡು, ಕಾಲು ಮೂರೂ ಬೇರೆ ಬೇರೆ ಕಡೆ ವಾಲಿದರೆ ತ್ರಿಭಂಗ. ಕಲಿಯಲು ಸೋಮನಾಥಪುರಕ್ಕಿಂತ ಒಳ್ಳೆಯ ಜಾಗವಿಲ್ಲ. ಒಂದೇ ಗುಡಿಯ ಒಂದು ಗರ್ಭಗುಡಿಯಲ್ಲಿ ಜನಾರ್ದನ ನೆಟ್ಟಗೆ ನಿಂತಿದ್ದಾನೆ. ಎದುರಿನದರಲ್ಲಿ ವೇಣುಗೋಪಾಲ ಕಾಲಿಗೆ ಕಾಲು ಹೆಣೆದು ಕೊಳಲೂದುತ್ತಿದ್ದಾನೆ. ಒಬ್ಬರಾದ ಮೇಲೊಬ್ಬರನ್ನು ನೋಡಿ ಬಂದರೆ ಪುಸ್ತಕದ ಅಗತ್ಯ ಬೀಳುವುದಿಲ್ಲ.

ಮೂರ್ತಿಯ ಸುತ್ತಲಿನ ಪ್ರಭಾವಳಿ, ಪಟ್ಟಿಕೆಗಳ ಬಳ್ಳಿ, ಮಕರ, ಹಂಸಗಳನ್ನು ಆಮೇಲೆ ನೋಡಿದರಾಯಿತು. ಕೆಲವು ಕಡೆ ಬಳ್ಳಿಗಳು ಅತಿಯಾಗಿವೆ ಎಂದು ನಿಮಗನ್ನಿಸಿದರೆ ಹಿಂಜರಿಯದೆ ಹೇಳಿ, ನನಗೂ ಅನ್ನಿಸಿದೆ.

ಹೊರಡುವ ಮುನ್ನ ಮೂರ್ತಿಗಳ ಪೀಠ ನೋಡಲು ಮರೆಯಬೇಡಿ. ನಮ್ಮ ಹಳೆಯ ಶಿಲ್ಪಿಗಳು ಅನಾಮಿಕರು ಎನ್ನುವ ಮಾತು ಇಲ್ಲಿ ನಿಲ್ಲುವುದಿಲ್ಲ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ; ಸೋಮನಾಥಪುರದಲ್ಲಿ ಮಲ್ಲಿತಮ್ಮ. ಹೆಸರುಗಳನ್ನು ಕನ್ನಡದಲ್ಲೇ ಕೆತ್ತಿದ್ದಾರೆ. ಓದಿ, ಕೈ ಮಾತ್ರ ಹಚ್ಚಬೇಡಿ.