ಅಪರಾಧಿ ಸಿಕ್ಕ ಮೇಲೂ ಉಳಿಯುವ ಪ್ರಶ್ನೆ

2024ರ ಮೇ ತಿಂಗಳಲ್ಲಿ ನಮ್ಮ ಬಾಗಲಕೋಟೆ ಜಿಲ್ಲೆಯ ಮಹಾಲಿಂಗಪುರದಿಂದ ದುಃಖದ ಸುದ್ದಿಯೊಂದು ಬಂದಿತು. ಮಹಾರಾಷ್ಟ್ರದಿಂದ ಬಂದಿದ್ದ, ಆಗಲೇ ಎರಡು ಹೆಣ್ಣುಮಕ್ಕಳ ತಾಯಿಯಾಗಿದ್ದ ಮಹಿಳೆಯೊಬ್ಬಳು ಅಕ್ರಮ ಗರ್ಭಪಾತದ ನಂತರ ತೀರಿಕೊಂಡಳು. ಆಕೆಯ ಶವ ಸಾಂಗಲಿಯಲ್ಲಿ ಕಾರೊಂದರಲ್ಲಿ ಪೊಲೀಸರಿಗೆ ಸಿಕ್ಕಿತು. ಗರ್ಭಪಾತ ಮಾಡಿದ ಆರೋಪ ಹೊತ್ತ ಮಹಿಳೆ ವೈದ್ಯೆಯಾಗಿರಲಿಲ್ಲ. ಸುದ್ದಿ ಓದಿದ ನಮ್ಮ ಬಾಯಲ್ಲಿ ಮೊದಲು ಬಂದ ಪ್ರಶ್ನೆ ಒಂದೇ: ಮಾಡಿದವರು ಯಾರು?

ಇದೇ ಪ್ರಶ್ನೆಯನ್ನು ಬೆನ್ನಟ್ಟಿ ಹೋಗುವ ಇಂಗ್ಲಿಷ್ ಚಲನಚಿತ್ರ ‘ದಿ ಕ್ಯಾರಿ ಟ್ರೀಟ್‌ಮೆಂಟ್’ (1972). ಮೈಕಲ್ ಕ್ರೈಟನ್ ವೈದ್ಯಕೀಯ ವಿದ್ಯಾರ್ಥಿಯಾಗಿದ್ದಾಗ, 1968ರಲ್ಲಿ, ಬೇರೆ ಹೆಸರಿನಲ್ಲಿ ಪ್ರಕಟಿಸಿದ ಕಾದಂಬರಿ ಇದಕ್ಕೆ ಆಧಾರ. ನಿರ್ದೇಶಕ ಬ್ಲೇಕ್ ಎಡ್ವರ್ಡ್ಸ್. ಬಾಸ್ಟನ್ನಿನ ದೊಡ್ಡ ಆಸ್ಪತ್ರೆಯ ಮುಖ್ಯಸ್ಥರ ಹದಿಹರೆಯದ ಮಗಳು ಅಕ್ರಮ ಗರ್ಭಪಾತದಿಂದ ಸಾಯುತ್ತಾಳೆ. ಚೀನೀ ಮೂಲದ ವೈದ್ಯ ಡೇವಿಡ್ ಟಾವೋ ಬಂಧಿತನಾಗುತ್ತಾನೆ. ಅವನ ಗೆಳೆಯ, ಆಸ್ಪತ್ರೆಗೆ ಹೊಸದಾಗಿ ಬಂದ ಡಾಕ್ಟರ್ ಪೀಟರ್ ಕ್ಯಾರಿ (ಜೇಮ್ಸ್ ಕೋಬರ್ನ್) ನಿಜವನ್ನು ಹುಡುಕಲು ಹೊರಡುತ್ತಾನೆ.

ಆಸ್ಪತ್ರೆಯ ಒಳರಾಜಕೀಯವನ್ನು ತೋರಿಸುವಾಗ ಚಿತ್ರ ಗಟ್ಟಿಯಾಗಿದೆ. ದೊಡ್ಡವರ ಮನೆಯ ಮಾನ ಹೋಗುವಾಗ ಬಲಿಯಾಗಿ ಸಿಗುವವನು ಹಿಂದೆ ಮುಂದೆ ಯಾರೂ ಇಲ್ಲದವನೇ ಎಂಬ ಮಾತು ನಮಗೂ ಅಪರಿಚಿತವಲ್ಲ. ಆದರೆ ಕ್ಯಾರಿಯ ದಾರಿ ನನಗೆ ಒಪ್ಪಿಗೆಯಾಗಲಿಲ್ಲ. ಸತ್ತ ಹುಡುಗಿಯ ಗೆಳತಿಯನ್ನು ಕಾರಿನಲ್ಲಿ ಕೂರಿಸಿಕೊಂಡು, ಜೀವ ಹೋಗುವಷ್ಟು ವೇಗದಲ್ಲಿ ಓಡಿಸಿ, ಹೆದರಿಸಿ ಅವಳ ಬಾಯಿ ಬಿಡಿಸುತ್ತಾನೆ. ಒಬ್ಬ ಹುಡುಗಿಯ ಸಾವಿಗೆ ನ್ಯಾಯ ಕೇಳಲು ಇನ್ನೊಬ್ಬ ಹುಡುಗಿಯನ್ನು ನಡುಗಿಸಬೇಕೆ? ಚಿತ್ರ ಇದನ್ನು ಸಾಹಸವೆಂಬಂತೆ ತೋರಿಸುತ್ತದೆ. ಸತ್ತವಳಾದರೋ ಕಥೆಗೆ ಬೇಕಾದ ಒಂದು ಸುಳಿವು ಮಾತ್ರ. ಅವಳು ಅಪ್ಪನ ಬಳಿ ಏಕೆ ಬಾಯಿ ಬಿಡಲಿಲ್ಲ ಎಂಬುದರ ಮುಂದೆ ಕ್ಯಾಮೆರಾ ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ಆ ಕಾಲದ ಬಾಸ್ಟನ್ನಿನಲ್ಲಿ ಗರ್ಭಪಾತ ಅಪರಾಧವಾಗಿತ್ತು. ನಮ್ಮ ದೇಶದಲ್ಲಿ 1971ರ ವೈದ್ಯಕೀಯ ಗರ್ಭಪಾತ ಕಾಯ್ದೆ 1972ರ ಏಪ್ರಿಲ್ 1ರಂದೇ ಜಾರಿಗೆ ಬಂದಿತು. ಆದರೂ ಐವತ್ತೆರಡು ವರ್ಷಗಳ ನಂತರ ಒಬ್ಬ ತಾಯಿ ವೈದ್ಯರಲ್ಲದವರ ಕೈಯಲ್ಲಿ ಸತ್ತಳೆಂದರೆ, ಕಾನೂನಿಗೆ ತಲುಪಲಾಗದ ಜಾಗವೊಂದಿದೆ. ಭ್ರೂಣದ ಲಿಂಗಪತ್ತೆಯನ್ನು 1994ರ ಕಾಯ್ದೆ ನಿಷೇಧಿಸಿದೆ. ಮಹಾಲಿಂಗಪುರದ ಪ್ರಕರಣದಲ್ಲಿಯೂ ಲಿಂಗಪತ್ತೆಯ ಮಾತು ಹೊರಬಿದ್ದಿತು. 2023ರಲ್ಲಿ ಮಂಡ್ಯದ ಕಡೆ ಆಲೆಮನೆಯಲ್ಲೇ ಸ್ಕ್ಯಾನಿಂಗ್ ನಡೆಯುತ್ತಿದ್ದುದು ಬಯಲಾಯಿತು. ಬೆಲ್ಲ ಕಾಯಿಸುವ ಮನೆಯಲ್ಲಿ ಹೆಣ್ಣುಕೂಸುಗಳ ಲೆಕ್ಕ!

ಗರ್ಭದಲ್ಲಿರುವ ಶಿಶುವಿನ ಜೀವವೂ ದೇವರ ವರವೆಂದು ನಂಬುವವರು ನಾವು. ಹಾಗೆ ನಂಬಿದ ಮೇಲೆ ಆ ಶಿಶುವನ್ನು ಹೊತ್ತವಳ ಭಯವನ್ನೂ ನಾವು ಹೊರಬೇಕಲ್ಲವೆ? ಬಾಣಂತಿಯ ಮಂಚದ ಬಳಿ ನಿಂತು ‘ಮತ್ತ ಹೆಣ್ಣ ಆತೇನು?’ ಎಂದು ಉಸಿರುಗರೆಯುವ ನಾಲಿಗೆಯನ್ನು ಯಾವ ಪೊಲೀಸರೂ ಬಂಧಿಸಲಾರರು. ಅನಗವಾಡಿಯಿಂದ ಬನಹಟ್ಟಿಯವರೆಗೆ ಆ ಮಾತು ಕೇಳದ ಓಣಿ ಎಷ್ಟಿದ್ದಾವು?

ಚಿತ್ರ ಮುಗಿಯುವಾಗ ಅಪರಾಧಿ ಯಾರೆಂದು ತಿಳಿಯುತ್ತದೆ. ನಮ್ಮ ಮನೆಯ ಮಗಳು, ಸೊಸೆ ಕಷ್ಟದಲ್ಲಿ ಮೊದಲು ಯಾರ ಬಳಿ ಬಂದಾಳು? ಈ ಪ್ರಶ್ನೆಗೆ ಉತ್ತರ ಕೊಡಬೇಕಾದವರು ನಾವು.