ಗುಡ್ಡದ ಬುಡ ಯಾರದು?

ಶಹಾಪುರದ ಬುದ್ಧ ಮಲಗಿದ ಗುಡ್ಡ ನೋಡಲು ಗುಡ್ಡ ಹತ್ತಬೇಕಿಲ್ಲ. ಹತ್ತಿದರೆ ಕಾಣುವುದೂ ಇಲ್ಲ. ದೂರ ನಿಂತಾಗಲೇ ಆ ಬಂಡೆಗಳು ಹಣೆ, ಮೂಗು, ಗದ್ದ, ಎದೆಯಾಗಿ ಕೂಡಿಕೊಳ್ಳುತ್ತವೆ. ಹೀಗಾಗಿ ಯಾದಗಿರಿ ಜಿಲ್ಲೆಯ ಬಲು ಹೆಸರಾದ ಗುಡ್ಡಕ್ಕೆ ನೋಡುಗರ ಕಟ್ಟೆಯೆಂದರೆ ರಸ್ತೆಯ ಅಂಚು. ಕಕ್ಕೇರಾದಿಂದ ಸುರಪುರ ಹಾಯ್ದು ಶಹಾಪುರಕ್ಕೆ ಹೋಗುವಾಗೆಲ್ಲ ಈ ಅಂಚನ್ನು ಗಮನಿಸುತ್ತ ಬಂದಿದ್ದೇನೆ. ಮೊದಲು ಒಂದು ಕಾರು ನಿಲ್ಲುತ್ತದೆ. ಅದನ್ನು ಕಂಡು ಹಿಂದಿನ ಕ್ರೂಸರ್ ನಿಲ್ಲುತ್ತದೆ, ಬೈಕುಗಳು ನಿಲ್ಲುತ್ತವೆ. ಮೊಬೈಲ್ ಹಿಡಿದವರು ಚಿತ್ರ ಸರಿ ಕೂಡಲೆಂದು ಹಿಂದಕ್ಕೆ ಸರಿಯುತ್ತ ಡಾಂಬರಿನ ಮೇಲೇ ಬಂದಿರುತ್ತಾರೆ. ಸುಗ್ಗಿಯ ದಿನಗಳಲ್ಲಿ ಭತ್ತದ ಚೀಲ ಹೇರಿದ ಟ್ರ್ಯಾಕ್ಟರ್ ಬಂದು ನಿಲ್ಲುತ್ತದೆ. "ಯಣ್ಣಾ, ಗಾಡಿ ಸ್ವಲ್ಪ ಆ ಕಡಿ ಹಚ್ರಿ" ಅಂತ ಅದರ ಚಾಲಕ ಕೇಳುತ್ತಾನೆ. ಆದರೆ ಆ ಕಡೆ ಹಚ್ಚಲು ಜಾಗವೆಲ್ಲಿದೆ? ಡಾಂಬರು ಮುಗಿದಲ್ಲಿ ತಗ್ಗು, ತಗ್ಗಿನಾಚೆ ಯಾರದೋ ಹೊಲ.

ಗುಡ್ಡಕ್ಕೆ ಹೋಗುವವರ ಈ ರೂಢಿಯನ್ನು, ಅಂದರೆ ಗಾಡಿಯನ್ನು ಗುಡ್ಡಕ್ಕೆ ಎಷ್ಟು ಸಮೀಪ ಒಯ್ಯಲಾದೀತೋ ಅಷ್ಟು ಸಮೀಪ ಒಯ್ದು ಸಿಕ್ಕಲ್ಲಿ ಬಿಟ್ಟು ನಡೆಯುವುದನ್ನು, ಬರೀ ಬಂದವರ ಅಶಿಸ್ತು ಎಂದು ಬೈದು ಕೈತೊಳೆದುಕೊಳ್ಳಲು ನನಗೆ ಮನಸ್ಸಿಲ್ಲ. ಅಶಿಸ್ತು ಇದೆ, ನಿಜ. ಕಾನೂನೂ ಇದೆ. ಇತರರಿಗೆ ಅಪಾಯ, ಅಡ್ಡಿ ಆಗುವಂತೆ ವಾಹನ ಬಿಟ್ಟುಹೋಗಬಾರದೆಂದು 1988ರ ಮೋಟಾರು ವಾಹನ ಕಾಯ್ದೆಯ 122ನೇ ಕಲಂ ಹೇಳುತ್ತದೆ. ತಿರುವಿನಲ್ಲಿ, ಏರಿನ ನೆತ್ತಿಯಲ್ಲಿ ಗಾಡಿ ನಿಲ್ಲಿಸಬಾರದು, ಕಡಿದಾದ ಇಕ್ಕಟ್ಟು ದಾರಿಯಲ್ಲಿ ಇಳಿಯುವ ಗಾಡಿ ಬದಿಗೆ ನಿಂತು ಏರುವ ಗಾಡಿಗೆ ದಾರಿ ಬಿಡಬೇಕು ಎಂದು 1989ರ ರಸ್ತೆ ನಿಯಮಗಳು ವಿಧಿಸಿದವು. ಆದರೆ ಬದಿಗೆ ನಿಲ್ಲಬೇಕೆಂಬ ನಿಯಮಕ್ಕೆ ಬದಿಯೇ ಬೇಕಲ್ಲ. ಇರುವ ಬದಿಯನ್ನು ಖಾಲಿ ಕಾರುಗಳು ತುಂಬಿದ ಮೇಲೆ ಇಳಿಯುವವನು ಎಲ್ಲಿಗೆ ಸರಿಯಬೇಕು?

ಸುರಪುರದ ಎರಡು ಗುಡ್ಡಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಜಾಗ ಬೇಕಿರುವುದು ಬುಡದಲ್ಲಿ ಎಂಬ ಮಾತು ಸ್ಪಷ್ಟವಾಗುತ್ತದೆ. ಒಂದು, ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ 1840ರ ದಶಕದಲ್ಲಿ ಕಟ್ಟಿಸಿದ ಟೇಲರ್ ಮಂಜಿಲ್ ಇರುವ ಗುಡ್ಡ. ಅಧಿಕಾರಿಯ ಬಂಗಲೆಯಾದ್ದರಿಂದ ದಾರಿಯೂ ಬಂಗಲೆಯ ತನಕ ಹೋಯಿತು. ಕಾರಿನಲ್ಲಿ ಹೋದವರು ಬಾಗಿಲಲ್ಲಿ ಇಳಿದು, ಊರನ್ನು ಮೇಲಿಂದ ಒಂದು ಸಲ ನೋಡಿ ಬರುತ್ತಾರೆ. ಕಾಲಿಗೆ ಗುಡ್ಡದ ಪರಿಚಯವೇ ಆಗುವುದಿಲ್ಲ. ಇನ್ನೊಂದು ವಾಗಣಗೇರಾ. ಔರಂಗಜೇಬ ತಾನೇ ಮುಂದೆ ನಿಂತು ಮುತ್ತಿದ ಕೊನೆಯ ಕೋಟೆ ಅದು. 1705ರ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಆತನ ತೋಪು, ಆನೆ, ಎತ್ತುಗಳೆಲ್ಲ ಆ ಬಂಡೆಗಳ ಬುಡದಲ್ಲಿ ಬೀಡುಬಿಟ್ಟಿದ್ದವು. ಬೇಡ ನಾಯಕರ ಪಡೆ ಮಾತ್ರ ರಾತ್ರೋರಾತ್ರಿ ಕಾಲುದಾರಿ ಹಿಡಿದು ಪಾರಾಯಿತು. ದೆಹಲಿಯ ಬಾದಶಹನಿಗೆ ಸಿಕ್ಕಿದ್ದು ಬರಿದಾದ ಕೋಟೆ. ಇಷ್ಟು ದೊಡ್ಡ ಕತೆಯುಳ್ಳ ಗುಡ್ಡವನ್ನು ನಡೆದು ನೋಡುವುದಕ್ಕಿಂತ ಒಳ್ಳೆಯ ಚರಿತ್ರೆಯ ಪಾಠ ನಮ್ಮ ತಾಲೂಕಿನ ಮಕ್ಕಳಿಗೆ ಬೇರೊಂದಿಲ್ಲ. ಅಲ್ಲಿಗೆ ಬೇಕಾದದ್ದು ನೆತ್ತಿಯವರೆಗಿನ ರಸ್ತೆ ಅಲ್ಲ. ಬುಡದಲ್ಲಿ ಒಂದು ಶಾಲಾ ಬಸ್ಸು ಸರಾಗವಾಗಿ ತಿರುಗುವಷ್ಟು ಜಾಗ.

ಗುಡ್ಡದ ನಾಡೇ ಆದ ಚಿಕ್ಕಮಗಳೂರು ಈ ಸಂಕಟವನ್ನು ನಮಗಿಂತ ನೂರು ಪಾಲು ಉಂಡಿದೆ. ರಾಜ್ಯದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿಗೆ ರಜೆಯ ದಿನ ಹೋದವರಿಗೆ ಗೊತ್ತು: ಒಂದು ಪಕ್ಕ ಧರೆ, ಇನ್ನೊಂದು ಪಕ್ಕ ಕಣಿವೆ, ನಡುವೆ ಸರಿಯದ ಕಾರಿನ ಸಾಲು. ಅಲ್ಲಿನ ಜಿಲ್ಲಾಡಳಿತ 2025ರ ಸೆಪ್ಟೆಂಬರ್ 1ರಿಂದ ಆನ್‌ಲೈನ್ ನೋಂದಣಿ ಕಡ್ಡಾಯ ಮಾಡಿ, ಬೆಳಗಿನ ಸರದಿಗೆ 600, ಮಧ್ಯಾಹ್ನದ ಸರದಿಗೆ 600, ಒಟ್ಟು ದಿನಕ್ಕೆ 1,200 ವಾಹನಗಳ ಮಿತಿ ಹಾಕಿತು. ಇದನ್ನು ನಾನು ಪೂರ್ಣ ಮನಸ್ಸಿನಿಂದ ಸ್ವಾಗತಿಸುತ್ತೇನೆ. ಗುಡ್ಡಕ್ಕೂ ಹೊರುವ ಮಿತಿಯಿದೆ ಎಂದು ಸರ್ಕಾರವೊಂದು ಲೆಕ್ಕ ಹಾಕಿ ಹೇಳುವುದು ಸಣ್ಣ ಮಾತಲ್ಲ.

ಇನ್ನೊಂದು ಲೆಕ್ಕ ಅರಣ್ಯ ಇಲಾಖೆಯದು. 2024ರ ಜನವರಿ ಕೊನೆಗೆ ಕುಮಾರ ಪರ್ವತದ ದಾರಿಯಲ್ಲಿ ಜಾತ್ರೆಯಂತೆ ಜನ ಸೇರಿದ ಚಿತ್ರಗಳು ಎಲ್ಲೆಡೆ ಹರಿದಾಡಿದ ಮೇಲೆ, ಆನ್‌ಲೈನ್ ಟಿಕೆಟ್ ವ್ಯವಸ್ಥೆ ಇಲ್ಲದ ಚಾರಣಗಳನ್ನು ನಿಲ್ಲಿಸಲಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ 'ಅರಣ್ಯ ವಿಹಾರ' ಜಾಲತಾಣ ಬಂತು. ಒಂದು ದಾರಿಗೆ ದಿನಕ್ಕೆ 300 ಜನ ಎಂದಾಯಿತು. ಅಲ್ಲಿ ಗಾಡಿಯ ಲೆಕ್ಕ, ಇಲ್ಲಿ ನಡೆಯುವವರ ಲೆಕ್ಕ. ಒಂದು ಗಾಡಿಯಲ್ಲಿ ಎಷ್ಟು ಜನ ಬರುತ್ತಾರೆ, 300 ಜನರ ಗಾಡಿಗಳು ಎಲ್ಲಿ ನಿಲ್ಲುತ್ತವೆ ಎಂಬುದು ಎರಡು ಲೆಕ್ಕಗಳ ನಡುವೆ ಉಳಿದುಹೋಗಿದೆ. ಕಾಡು ಒಂದು ಇಲಾಖೆಯದು, ರಸ್ತೆ ಇನ್ನೊಂದರದು, ಕೋಟೆ ಮತ್ತೊಂದರದು. ಚಕ್ರ ನಿಂತು ಕಾಲು ಹೊರಡುವ ಆ ಒಂದು ತುಂಡು ನೆಲ ಯಾರ ಕಡತದಲ್ಲೂ ಇಲ್ಲ. ನಮ್ಮ ಗುಡ್ಡಪ್ರವಾಸದ ದೊಡ್ಡ ದೋಷ ಇದೇ ಎಂಬುದು ನನ್ನ ಖಚಿತ ಅಭಿಪ್ರಾಯ.

ಹಾಗೆ ನೋಡಿದರೆ ಕುಮಾರ ಪರ್ವತದ ದಾರಿ ಮುಳ್ಳಯ್ಯನಗಿರಿಗಿಂತ ಒಂದು ವಿಷಯದಲ್ಲಿ ಮೇಲು. ಅದು ಕುಕ್ಕೆ ಸುಬ್ರಹ್ಮಣ್ಯದ ಪೇಟೆಯಿಂದಲೇ ಶುರುವಾಗುತ್ತದೆ. ರಾತ್ರಿ ಬಸ್ಸು ಹತ್ತಿದವರು ಬೆಳಿಗ್ಗೆ ಅಲ್ಲಿ ಇಳಿಯುತ್ತಾರೆ. ಸುಬ್ರಹ್ಮಣ್ಯ ರೋಡ್‌ವರೆಗೆ ರೈಲೂ ಇದೆ. ಕಾರೇ ಇಲ್ಲದ ಹುಡುಗನೂ ಆ ಪರ್ವತ ಹತ್ತಬಲ್ಲ.

ಗಾಡಿಯನ್ನು ದೂರದಲ್ಲೇ ಬಿಟ್ಟು ನಡೆಯುವ ವಿದ್ಯೆ ನಮ್ಮ ಕಡೆಯ ಜಾತ್ರೆಗಳಿಗೆ ಹೊಸದಲ್ಲ. ಕೃಷ್ಣಾ ದಂಡೆಯ ತಿಂಥಣಿ ಮೌನೇಶ್ವರನ ಜಾತ್ರೆಗೆ ಚಕ್ಕಡಿ ಕಟ್ಟಿಕೊಂಡು ಹೋಗುತ್ತಿದ್ದ ಕಾಲದಲ್ಲಿ ಗುಡಿಯ ಮುಂದೆ ಯಾರೂ ಕೊಳ್ಳು ಹರಿಯುತ್ತಿರಲಿಲ್ಲ. ಎತ್ತಿಗೆ ನೆರಳು ಬೇಕು, ನೀರು ಬೇಕು, ಮೇವು ಹಾಕಲು ಜಾಗ ಬೇಕು. ಆದ್ದರಿಂದ ಬೆಳೆ ತೆಗೆದ ಹೊಲದಲ್ಲಿ, ಬೇವಿನ ಮರದ ಅಡಿಗೆ ಬಂಡಿ ಬಿಟ್ಟು ಉಳಿದ ದಾರಿ ನಡೆಯುತ್ತಿದ್ದರು. ಕಾರಿಗೆ ಹಸಿವಿಲ್ಲವೆಂದು ನಾವು ಆ ಶಿಸ್ತನ್ನೇ ಬಿಟ್ಟೆವು. ಆದರೆ ಯಾದಗಿರಿಯ ಏಪ್ರಿಲ್ ಬಿಸಿಲಿನಲ್ಲಿ ಗುಡ್ಡ ಇಳಿದು ಬಂದವರಿಗೆ ನೆರಳೂ ನೀರೂ ಬೇಕೇ ಬೇಕು. ಕಾದ ಕಬ್ಬಿಣದಂಥ ಕಾರಿನೊಳಗೆ ಮಕ್ಕಳನ್ನು ಕೂಡಿಸುವ ತಾಯಿಯನ್ನು ಕೇಳಿದರೆ ಗೊತ್ತಾಗುತ್ತದೆ.

ಹಾಗಾದರೆ ಇಲ್ಲಿ ಆಗಬೇಕಾದ್ದು ಏನು? ಶಹಾಪುರದಲ್ಲಿ ಬುದ್ಧ ಸರಿಯಾಗಿ ಕಾಣುವ ಕಡೆ ರಸ್ತೆಯಿಂದ ಒಳಗೆ ಸರಿದ ಒಂದು ತಂಗು ಜಾಗ, ಅದಕ್ಕೆ ಎರಡೂ ದಿಕ್ಕಿನಿಂದ ಮೊದಲೇ ತಿಳಿಸುವ ಫಲಕ. ಸಿಮೆಂಟಿನ ಅಂಗಳ ಬೇಡ, ಬೇವು ಹೊಂಗೆ ಹಚ್ಚಿದ ಮಣ್ಣಿನ ನೆಲ ಸಾಕು. ವಾಗಣಗೇರಾದಲ್ಲಿ ಊರಿಗೆ ಮುಂಚೆಯೇ ಗಾಡಿ ತಡೆಯಬೇಕು. ಓಣಿಯೊಳಗೆ ಕ್ರೂಸರ್ ನುಗ್ಗಿದರೆ ಅಂಗಳದಲ್ಲಿ ಮೆಣಸಿನಕಾಯಿ ಒಣಗಿಸುವವರಿಗೆ ಧೂಳೇ ಗತಿ. ನಿಲುಗಡೆಯ ಹಣ ಗುತ್ತಿಗೆದಾರನ ಕಿಸೆಗೆ ಹೋಗದೆ ಗ್ರಾಮ ಪಂಚಾಯಿತಿಗೆ ಸೇರಬೇಕು, ಅದರಿಂದಲೇ ಕುಡಿಯುವ ನೀರು, ಹೆಣ್ಣುಮಕ್ಕಳಿಗೆ ಶೌಚಾಲಯ ನಡೆಯಬೇಕು. ಹೊಲ ಖಾಲಿಯಿರುವ ತಿಂಗಳಲ್ಲಿ ರೈತನಿಗೆ ಬಾಡಿಗೆ ಕೊಟ್ಟು ಅಲ್ಲೇ ಗಾಡಿ ನಿಲ್ಲಿಸಿದರೂ ತಪ್ಪಿಲ್ಲ. ಒಡ್ಡು ಮುರಿದರೆ ಕಟ್ಟಿಕೊಡುವ ಕರಾರು ಮಾತ್ರ ಬರವಣಿಗೆಯಲ್ಲಿರಲಿ.

ಬಸ್ಸಿನ ಮಾತು ಇವೆಲ್ಲಕ್ಕಿಂತ ಮುಖ್ಯ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತ. ಕಕ್ಕೇರಾದ ಅವ್ವನೊಬ್ಬಳು ಮೊಮ್ಮಗಳನ್ನು ಕರೆದುಕೊಂಡು ರವಿವಾರ ಕೋಟೆ ನೋಡಿ ಬರಬೇಕಾದರೆ ಆಕೆಗೆ ಬೇಕಾದದ್ದು ಪಾರ್ಕಿಂಗ್ ಅಲ್ಲ. ಬಿಸಿಲೇರುವ ಮುಂಚೆ ಗುಡ್ಡದ ಬುಡಕ್ಕೆ ಮುಟ್ಟಿಸುವ ಒಂದು ಬಸ್ಸು, ಹೊತ್ತು ಮುಳುಗುವ ಮುಂಚೆ ಮರಳಿ ತರುವ ಇನ್ನೊಂದು. ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ಸುರಪುರ ಘಟಕ ರವಿವಾರಕ್ಕಷ್ಟೇ ಇದನ್ನು ಶುರುಮಾಡಿದರೂ ಸಾಕು. ಆಮೇಲೆ ಆ ಬುಡದಲ್ಲಿ ಎಷ್ಟು ಕಾರಿಗೆ ಜಾಗ ಬೇಕು ಎಂಬ ಲೆಕ್ಕವನ್ನು ಬಸ್ಸಿನಿಂದ ಇಳಿದವರ ಸಂಖ್ಯೆ ನೋಡಿ ಹಾಕಬಹುದು.